ನಾಯಕನ ಮನೋಧರ್ಮ ಮತ್ತು ತಂಡದ ಆಟ



ಯಲಬುರ್ಗಾದ ಕಾಲೇಜೊಂದರ ಕಬಡ್ಡಿ ತಂಡದ ಹುಡುಗರು ಕೂಡಿ ಬರೆದ ಪತ್ರವೊಂದು ನಮ್ಮ ಕಾರ್ಯಕ್ರಮಕ್ಕೆ ಬಂದಿದೆ. ಕಳೆದ ವರ್ಷ ಅವರ ತಂಡ ಗೆಲ್ಲುವ ಪಂದ್ಯವನ್ನು ಕೊನೆಯ ನಿಮಿಷಗಳಲ್ಲಿ ಕೈಬಿಟ್ಟಿತು. ಎಡ ಮೂಲೆಯಲ್ಲಿದ್ದ ಹುಡುಗ ಎದುರಾಳಿಯ ಕಣಕಾಲು ಹಿಡಿಯಲು ಹೋಗಿ ತಪ್ಪಿದ. ನಾಯಕ ಎಲ್ಲರೆದುರು ಅವನನ್ನು ಬೈದ. ಆಮೇಲೆ ಆ ಹುಡುಗ ಮುಂದಿನ ಮೂರು ದಾಳಿಗಳಲ್ಲಿ ಕೈಯನ್ನೇ ಚಾಚಲಿಲ್ಲ. ಈಗ ಹೊಸ ನಾಯಕನನ್ನು ಆರಿಸಬೇಕು. ತಂಡ ಎರಡು ಪಾಲಾಗಿದೆ. ಪತ್ರದ ಕೊನೆಯ ಸಾಲು ಅವರ ಮಾತಿನಲ್ಲೇ ಇದೆ: "ಸರ್, ಒಬ್ಬಾಂವ ಸಿಟ್ಟಿನಾಂವ, ಖರೆ ಆಟದಾಗ ಹುಲಿ. ಇನ್ನೊಬ್ಬಾಂವ ಬಾಯಿನ ಬಿಡಂಗಿಲ್ಲ. ಯಾರ್‌ನ ಕ್ಯಾಪ್ಟನ್ ಮಾಡೂಣ್ರಿ?"

ಇದಕ್ಕೆ ಒಂದೇ ಸಾಲಿನಲ್ಲಿ ಉತ್ತರ ಕೊಡಲು ಬರುವುದಿಲ್ಲ. ಆದರೆ ಉತ್ತರ ಹುಡುಕುವ ದಾರಿ ಇದೆ. ಮನಶ್ಶಾಸ್ತ್ರಜ್ಞರು ಈ ಬಗ್ಗೆ ಪ್ರಯೋಗ ಮಾಡಿದ್ದಾರೆ, ನಮ್ಮ ಕರ್ನಾಟಕದ ಆಟಗಾರರೇ ಒಳ್ಳೆಯ ಉದಾಹರಣೆಗಳನ್ನು ಬಿಟ್ಟಿದ್ದಾರೆ.

ಮೊದಲು ನಮ್ಮ ವೃತ್ತಿಯ ಒಂದು ಗುಟ್ಟು ಹೇಳುತ್ತೇನೆ. ನೀವು ಟಿವಿಯಲ್ಲಿ ಕ್ರಿಕೆಟ್ ನೋಡುವಾಗ ಕ್ಯಾಚು ಬಿದ್ದ ಕೂಡಲೇ ತೆರೆಯ ಮೇಲೆ ಏನು ಬರುತ್ತದೆ ಎಂದು ಗಮನಿಸಿ. ಕ್ಯಾಚು ಬಿಟ್ಟವನ ಮುಖ, ಬೌಲರನ ಮುಖ, ಬೆನ್ನಿಗೇ ನಾಯಕನ ಮುಖ. ಕ್ಯಾಮೆರಾದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಏಕೆಂದರೆ ಮೈದಾನದಲ್ಲಿರುವ ಉಳಿದ ಹತ್ತು ಮಂದಿಯೂ ಆ ಗಳಿಗೆಯಲ್ಲಿ ಅದೇ ಮುಖದತ್ತ ನೋಡುತ್ತಿರುತ್ತಾರೆ.

ನಾಯಕನ ಮುಖಕ್ಕೆ ಇಷ್ಟೊಂದು ಮಹತ್ವ ಬರುವ ಒಂದು ಆಟ ಅಮೆರಿಕದಲ್ಲಿದೆ. ಅವರು ಅದನ್ನು ಫುಟ್ಬಾಲ್ ಎನ್ನುತ್ತಾರೆ. ಕಾಲಿಗಿಂತ ಕೈಯಲ್ಲಿ ಹೆಚ್ಚು ಆಡುವ ಆಟಕ್ಕೆ ಆ ಹೆಸರು ಏಕೆ ಎಂದು ನೀವು ಕೇಳಬಹುದು, ಕೇಳುವ ಹಕ್ಕು ನಿಮಗಿದೆ. ಒಂದೊಂದು ತಂಡದಲ್ಲಿ 11 ಮಂದಿ. ನಾಲ್ಕು ಪ್ರಯತ್ನಗಳಲ್ಲಿ ಚೆಂಡನ್ನು 10 ಗಜ ಮುಂದೆ ಒಯ್ಯಬೇಕು. ಬಹುತೇಕ ಪ್ರಯತ್ನಗಳಲ್ಲಿ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಎಂಬ ಒಬ್ಬನ ಕೈಗೆ. ಅದನ್ನು ಯಾರಿಗೆ ಎಸೆಯಬೇಕು, ಯಾರ ಕೈಗಿಡಬೇಕು, ತಾನೇ ಓಡಬೇಕೇ ಎಂಬುದನ್ನು ಮೂರ್ನಾಲ್ಕು ಸೆಕೆಂಡಿನಲ್ಲಿ ಅವನು ತೀರ್ಮಾನಿಸಬೇಕು. ಅಷ್ಟರಲ್ಲಿ ಎದುರಾಳಿಯ ದೈತ್ಯರು ಅವನ ಮೇಲೆ ಬೀಳಲು ನುಗ್ಗಿ ಬರುತ್ತಿರುತ್ತಾರೆ. ವೃತ್ತಿಪರ ಪಂದ್ಯಗಳಲ್ಲಿ 1994ರಿಂದ ಅವನ ಶಿರಸ್ತ್ರಾಣದೊಳಗೆ ಪುಟ್ಟ ರೇಡಿಯೊ ಇಡಲು ಅವಕಾಶವಿದೆ. ತರಬೇತುದಾರ ಅದರಲ್ಲಿ ಸೂಚನೆ ಕೊಡುತ್ತಾನೆ. ಆದರೆ ಆಟ ಶುರುವಾಗಬೇಕಾದ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಆ ರೇಡಿಯೊ ತಾನಾಗಿ ಬಂದಾಗುತ್ತದೆ. ಅಲ್ಲಿಂದ ಮುಂದೆ ಅವನು ಒಬ್ಬನೇ.

1989ರ ಜನವರಿ 22ರಂದು ಮಯಾಮಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡ 13–16ರಿಂದ ಹಿಂದಿತ್ತು. ಉಳಿದ ಸಮಯ ಮೂರು ನಿಮಿಷಕ್ಕಿಂತ ತುಸು ಹೆಚ್ಚು. ಹೋಗಬೇಕಾದ ದೂರ 92 ಗಜ. ತಂಡದವರೆಲ್ಲ ಉಸಿರು ಬಿಗಿಹಿಡಿದು ಸುತ್ತ ನಿಂತಿದ್ದಾಗ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಪ್ರೇಕ್ಷಕರತ್ತ ಬೆರಳು ತೋರಿಸಿ, ಅಲ್ಲಿ ಕುಳಿತವರು ನಟ ಜಾನ್ ಕ್ಯಾಂಡಿ ಅಲ್ಲವೇ ಎಂದು ಕೇಳಿದನಂತೆ! ಜೊತೆಗಾರರು ಮುಂದೆ ಹಲವು ಬಾರಿ ಈ ಪ್ರಸಂಗವನ್ನು ಹೇಳಿಕೊಂಡಿದ್ದಾರೆ. ಬಿಗಿದಿದ್ದ ಭುಜಗಳು ಸಡಿಲಾದವು. ಆಟ ಮುಗಿಯಲು 34 ಸೆಕೆಂಡು ಇರುವಾಗ ತಂಡ ಗೆರೆ ದಾಟಿತು, 20–16ರಿಂದ ಗೆದ್ದಿತು. ಆ ಮಾತಿನಿಂದಲೇ ಗೆದ್ದರು ಎಂದು ಹೇಳಿದರೆ ಅದು ಕಥೆಯಾದೀತು, ವಿಜ್ಞಾನವಾಗದು. ಕೈಕಾಲು ಬಿಗಿಯದೆ ಆಡಿದರು ಎಂದಷ್ಟೇ ಹೇಳೋಣ.

ನಮ್ಮ ಆಟಗಳಲ್ಲಿ ಇದಕ್ಕೆ ಹತ್ತಿರದವನು ವಾಲಿಬಾಲಿನ ಸೆಟ್ಟರ್. ತಂಡಕ್ಕೆ ಇರುವುದು ಮೂರು ಸ್ಪರ್ಶ. ನಡುವಿನದು ಬಹುಪಾಲು ಅವನದು. ಚೆಂಡನ್ನು ಯಾರಿಗೆ ಎತ್ತಿಕೊಡಬೇಕೆಂಬ ತೀರ್ಮಾನವೂ ಅವನದೇ. ಒಮ್ಮೆ ತಪ್ಪು ಹೊಡೆದ ಗೆಳೆಯನಿಗೆ ಸೆಟ್ಟರ್ ಮತ್ತೆ ಚೆಂಡು ಎತ್ತಿಕೊಟ್ಟರೆ, ಬಾಯಿ ತೆರೆಯದೆಯೇ 'ನಿನ್ನ ಮೇಲೆ ನಂಬಿಕೆ ಇದೆ' ಎಂದು ಹೇಳಿದಂತೆ. ಪೂರ್ತಿ ಪಂದ್ಯ ಅವನಿಗೆ ಚೆಂಡೇ ಕೊಡದಿದ್ದರೆ ಅದೂ ಒಂದು ಮಾತೇ. ಕಬಡ್ಡಿಯಲ್ಲಿ ನಾಯಕನ ಕೆಲಸ ಇನ್ನೂ ಸೂಕ್ಷ್ಮ. ಮೂಲೆಯವನು ಕಣಕಾಲು ಹಿಡಿದ ಗಳಿಗೆಯಲ್ಲೇ ಕವರಿನ ಜೋಡಿ ಮೇಲೆ ಬೀಳಬೇಕು. ಅರ್ಧ ಸೆಕೆಂಡು ತಡವಾದರೆ ದಾಳಿಕೋರ ಮಧ್ಯರೇಖೆ ಮುಟ್ಟಿರುತ್ತಾನೆ. ಮೂಲೆಯವನಿಗೆ 'ನಾನು ಹಿಡಿದರೆ ಉಳಿದವರು ಬರುತ್ತಾರೆ' ಎಂಬ ಧೈರ್ಯವಿರಬೇಕು, 'ತಪ್ಪಿದರೆ ನನ್ನನ್ನು ಬೈಯುತ್ತಾರೆ' ಎಂಬ ಭಯ ಇರಬಾರದು. ಯಲಬುರ್ಗಾದ ಆ ಹುಡುಗನಿಗೆ ಆದದ್ದು ಇಷ್ಟೇ. ಅವನ ಕೈಯ ಶಕ್ತಿ ಆ ಎರಡು ನಿಮಿಷಗಳಲ್ಲಿ ಎಲ್ಲಿಗೂ ಹೋಗಿರಲಿಲ್ಲ.

ಒಬ್ಬನ ಮನಸ್ಥಿತಿ ಇನ್ನೊಬ್ಬನಿಗೆ ಅಂಟುತ್ತದೆಯೇ? ಅಂಟುತ್ತದೆ, ನೆಗಡಿಯಂತೆ. ಇಂಗ್ಲೆಂಡಿನ ಪೀಟರ್ ಟಾಟರ್‌ಡೆಲ್ ಎಂಬ ಮನಶ್ಶಾಸ್ತ್ರಜ್ಞರು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ವೃತ್ತಿಪರ ಕ್ರಿಕೆಟಿಗರ ಕೈಗೆ ಜೇಬಿನಲ್ಲಿಡುವ ಪುಟ್ಟ ಕಂಪ್ಯೂಟರ್ ಕೊಟ್ಟಿದ್ದರು. ನಾಲ್ಕು ದಿನದ ಪಂದ್ಯದುದ್ದಕ್ಕೂ ಪ್ರತಿದಿನ ಮೂರು ಬಾರಿ ಆಟಗಾರರು ತಮ್ಮ ಮನಸ್ಥಿತಿ ಹೇಗಿದೆ, ತಾವು ಹೇಗೆ ಆಡುತ್ತಿದ್ದೇವೆ ಎಂದು ಅದರಲ್ಲಿ ದಾಖಲಿಸಬೇಕಿತ್ತು. ಲೆಕ್ಕ ಹಾಕಿದಾಗ ಒಬ್ಬ ಆಟಗಾರನ ಮನಸ್ಥಿತಿ ಅವನ ಜೊತೆಗಾರರ ಸರಾಸರಿ ಮನಸ್ಥಿತಿಯೊಂದಿಗೆ ಏರಿಳಿಯುತ್ತಿತ್ತು. ತಂಡ ಗೆಲ್ಲುತ್ತಿದ್ದುದರಿಂದ ಎಲ್ಲರೂ ಖುಷಿಯಾಗಿದ್ದರು ಎನ್ನೋಣವೇ? ಅದನ್ನು ಲೆಕ್ಕದಿಂದ ಬೇರ್ಪಡಿಸಿದ ಮೇಲೂ ನಂಟು ಉಳಿಯಿತು. ತಂಡದ ಬಗ್ಗೆ ಹೆಚ್ಚು ನಿಷ್ಠೆ ಇದ್ದವರಲ್ಲಿ ಈ ನಂಟು ಇನ್ನೂ ಬಲವಾಗಿತ್ತು. ಹಾಗಾದರೆ ಎಲ್ಲರೂ ಯಾರ ಮುಖ ನೋಡುತ್ತಾರೋ ಅವನ ಮನಸ್ಥಿತಿ ಎಷ್ಟು ದೂರ ಹಬ್ಬೀತು ಎಂಬುದನ್ನು ನೀವೇ ಊಹಿಸಬಹುದು.

ಇನ್ನು ಸಿಟ್ಟಿನ ವಿಚಾರ. ಸಿಟ್ಟು ಯಾವಾಗಲೂ ಕೆಟ್ಟದ್ದೆಂದು ತಿಳಿಯಬೇಡಿ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಅಮೆರಿಕದ ವಿಜ್ಞಾನಿಗಳು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಎರಡು ಪೆಟ್ಟಿಗೆಗಳಲ್ಲಿ ಸರಿಯಾದುದನ್ನು ಇಲಿ ಗುರುತಿಸಬೇಕು. ತಪ್ಪಿದರೆ ವಿದ್ಯುತ್ತಿನ ಸಣ್ಣ ಹೊಡೆತ. ಗುರುತಿಸುವುದು ಸುಲಭವಾಗಿದ್ದಾಗ ಹೊಡೆತ ಹೆಚ್ಚಿದಷ್ಟೂ ಇಲಿ ಬೇಗ ಕಲಿಯಿತು. ಗುರುತಿಸುವುದು ಕಷ್ಟವಾಗಿದ್ದಾಗ ಮಾತ್ರ ಮಧ್ಯಮ ಹೊಡೆತವೇ ಒಳ್ಳೆಯದಾಗಿತ್ತು. ಜೋರಾದ ಹೊಡೆತದಲ್ಲಿ ಇಲಿ ಗಲಿಬಿಲಿಗೊಂಡಿತು. ಇಲಿಯ ಕಲಿಕೆಯಿಂದ ಮನುಷ್ಯನ ಆಟಕ್ಕೆ ಬಹಳ ದೂರವಿದೆ, ಒಪ್ಪುತ್ತೇನೆ. ಆದರೂ ಈ ತತ್ತ್ವವನ್ನು ಆಮೇಲೆ ಬಂದವರು ಕ್ರೀಡೆಗೆ ಹೊಂದಿಸಿ ನೋಡಿದ್ದಾರೆ, ಮೈದಾನದಲ್ಲಿ ನಿಂತು ನೋಡಿದವರಿಗೂ ಇದು ಅಪರಿಚಿತವಲ್ಲ. ಸಿಟ್ಟು ಬಂದಾಗ ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ, ಎದೆಬಡಿತ ಏರುತ್ತದೆ, ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ. ತಳ್ಳುವುದಕ್ಕೆ, ಹಿಡಿದೆಳೆಯುವುದಕ್ಕೆ, ಓಡುವುದಕ್ಕೆ ಅದು ಒಳ್ಳೆಯದೇ. ಆದರೆ ಅದರ ಜೊತೆಗೇ ಗಮನದ ವ್ಯಾಪ್ತಿ ಕಿರಿದಾಗುತ್ತದೆ. ಎದುರಿಗಿರುವುದು ಕಾಣುತ್ತದೆ, ಪಕ್ಕದಲ್ಲಿರುವುದು ಕಾಣುವುದಿಲ್ಲ. ದಾಳಿಗೆ ಹೋದವನಿಗೆ ಆ ಬಿಸಿ ಬೇಕು. ಏಳು ಮಂದಿಯನ್ನೂ ಏಕಕಾಲಕ್ಕೆ ಕಣ್ಣಿನಲ್ಲಿ ಇಟ್ಟುಕೊಳ್ಳಬೇಕಾದ ನಾಯಕನಿಗೆ ಅದು ಮಿತಿ ಮೀರಿದರೆ ಕುರುಡು.

ನಿಮ್ಮ ಕಡೆಯ ಎರೆಹೊಲದಲ್ಲಿ ಕೂರಿಗೆ ಹೂಡುವುದನ್ನು ನೀವು ನೋಡಿರುತ್ತೀರಿ. ಮುನ್ನುಗ್ಗುವ ಎತ್ತಿನ ಜೋಡಿ ರಂಟೆಗೆ ಚೆನ್ನ. ಬಿತ್ತುವಾಗ ಮಾತ್ರ ಒಂದೇ ಹೆಜ್ಜೆಯಲ್ಲಿ ನಡೆಯುವ ಎತ್ತು ಬೇಕು. ಇಲ್ಲದಿದ್ದರೆ ಕಾಳು ಒಂದು ಕಡೆ ಗುಂಪಾಗಿ, ಇನ್ನೊಂದು ಕಡೆ ಖಾಲಿ ಬೀಳುತ್ತದೆ. ಎರಡೂ ಒಳ್ಳೆಯ ಎತ್ತುಗಳೇ.

ಮನೋಧರ್ಮ ಒಂದು, ನಾಯಕತ್ವದ ಶೈಲಿ ಇನ್ನೊಂದು. ಇವೆರಡನ್ನು ಬೆರೆಸಬಾರದು. ಶೈಲಿಯ ಬಗ್ಗೆ ಹೆಸರಾದ ಪ್ರಯೋಗ ನಡೆದದ್ದು ಅಮೆರಿಕದ ಅಯೋವಾದಲ್ಲಿ. ಕುರ್ಟ್ ಲೆವಿನ್, ರೊನಾಲ್ಡ್ ಲಿಪ್ಪಿಟ್ ಮತ್ತು ರಾಲ್ಫ್ ವೈಟ್ ಅದನ್ನು 1939ರಲ್ಲಿ ಪ್ರಕಟಿಸಿದರು. ಹತ್ತು ವರ್ಷದ ಆಸುಪಾಸಿನ ಹುಡುಗರ ಪುಟ್ಟ ಗುಂಪುಗಳು ಶಾಲೆ ಬಿಟ್ಟ ಮೇಲೆ ಮುಖವಾಡ ಮಾಡುವುದು ಮೊದಲಾದ ಕರಕುಶಲ ಕೆಲಸಕ್ಕೆ ಸೇರುತ್ತಿದ್ದವು. ಒಬ್ಬ ನಾಯಕ ಎಲ್ಲವನ್ನೂ ತಾನೇ ಆಜ್ಞಾಪಿಸುತ್ತಿದ್ದ. ಇನ್ನೊಬ್ಬ ಹುಡುಗರೊಂದಿಗೆ ಚರ್ಚಿಸಿ ಕೆಲಸ ಹಂಚುತ್ತಿದ್ದ. ಮತ್ತೊಬ್ಬ ಏನೂ ಹೇಳದೆ ಸುಮ್ಮನೆ ಕೂರುತ್ತಿದ್ದ. ಆಜ್ಞೆಯ ಗುಂಪಿನಲ್ಲಿ ನಾಯಕ ಎದುರಿಗಿದ್ದಷ್ಟು ಹೊತ್ತು ಕೆಲಸ ಭರದಿಂದ ಸಾಗಿತು. ಅವನು ಕೋಣೆಯಿಂದ ಹೊರಗೆ ಹೋದ ಕೂಡಲೇ ಕೆಲಸ ಬಿದ್ದುಹೋಯಿತು. ಚರ್ಚಿಸುವ ನಾಯಕ ಹೊರಗೆ ಹೋದಾಗಲೂ ಅವನ ಹುಡುಗರು ಕೆಲಸ ಮುಂದುವರಿಸಿದರು. ಸುಮ್ಮನೆ ಕೂತವನ ಗುಂಪಿನಲ್ಲಿ ಕೆಲಸವೂ ಆಗಲಿಲ್ಲ, ಜಗಳವೂ ತಪ್ಪಲಿಲ್ಲ. ಆಜ್ಞೆಯ ಗುಂಪಿನ ಹುಡುಗರು ನಾಯಕನ ಮೇಲಿನ ಸಿಟ್ಟನ್ನು ತಮ್ಮಲ್ಲೇ ಒಬ್ಬ ಬಡಪಾಯಿಯ ಮೇಲೆ ತೀರಿಸಿಕೊಳ್ಳುತ್ತಿದ್ದುದನ್ನೂ ಸಂಶೋಧಕರು ಕಂಡರು. ಈ ಸಂಗತಿಯನ್ನು ಗುರುತು ಹಾಕಿಕೊಳ್ಳಿ. ಬೈಯುವ ನಾಯಕನ ತಂಡದಲ್ಲಿ ಆಟಗಾರರೇ ಒಬ್ಬರನ್ನೊಬ್ಬರು ಬೈಯತೊಡಗುತ್ತಾರೆ. ಬಾಯಿ ಬಿಡದ ನಾಯಕನ ಅಪಾಯವೂ ಈ ಪ್ರಯೋಗದಲ್ಲಿಯೇ ಇದೆ.

ಈಗ ನಮ್ಮ ನೆಲಕ್ಕೆ ಬರೋಣ. ಅನಿಲ್ ಕುಂಬ್ಳೆ ಭಾರತದ ಟೆಸ್ಟ್ ತಂಡದ ನಾಯಕರಾದದ್ದು 2007ರ ನವೆಂಬರಿನಲ್ಲಿ, 37ನೆಯ ವಯಸ್ಸಿನಲ್ಲಿ. ಅವರದು ಬಿಸಿ ಮನೋಧರ್ಮವೇ. 2002ರಲ್ಲಿ ಆಂಟಿಗುವಾದಲ್ಲಿ ದವಡೆ ಮುರಿದಿದ್ದರೂ ಮುಖಕ್ಕೆ ಪಟ್ಟಿ ಸುತ್ತಿಕೊಂಡು 14 ಓವರು ಬೌಲ್ ಮಾಡಿ ಬ್ರಿಯಾನ್ ಲಾರಾ ಅವರನ್ನು ಔಟ್ ಮಾಡಿದವರು. ಆದರೆ ಆ ಬಿಸಿ ಕುದಿದು ಉಕ್ಕುವಂಥದಲ್ಲ, ಬೂದಿಯ ಕೆಳಗಿನ ಕೆಂಡದಂಥದು. 2008ರ ಜನವರಿಯಲ್ಲಿ ಸಿಡ್ನಿ ಟೆಸ್ಟಿನಲ್ಲಿ ಅಂಪೈರುಗಳ ತಪ್ಪು ತೀರ್ಪುಗಳ ಸರಮಾಲೆಯ ನಡುವೆ, ಕೊನೆಯ ದಿನದಾಟಕ್ಕೆ ಕೆಲವೇ ನಿಮಿಷ ಇರುವಾಗ ಭಾರತ ಸೋತಿತು. ಕುಂಬ್ಳೆ 45 ರನ್ ಗಳಿಸಿ ಔಟಾಗದೆ ಉಳಿದಿದ್ದರು. ಹರಭಜನ್ ಸಿಂಗ್ ಮೇಲೆ ನಿಷೇಧ ಬಿತ್ತು. ಪ್ರವಾಸವನ್ನೇ ಕೈಬಿಡಬೇಕೆಂಬ ಮಾತು ದೇಶದಲ್ಲೆಲ್ಲ ಎದ್ದಿತು. ಆ ಸಂಜೆ ಪತ್ರಕರ್ತರ ಎದುರು ಕುಂಬ್ಳೆ ಕೂಗಾಡಲಿಲ್ಲ. ಆಟದ ಧರ್ಮಕ್ಕೆ ತಕ್ಕಂತೆ ಆಡಿದ್ದು ಒಂದೇ ತಂಡ ಎಂಬರ್ಥದ ಒಂದು ವಾಕ್ಯ ಹೇಳಿದರು. ತಂಡದ ಸಿಟ್ಟನ್ನು ಅವರು ಅಲ್ಲಗಳೆಯಲಿಲ್ಲ. ಎಲ್ಲರ ಪರವಾಗಿ ತಾವೇ ಒಮ್ಮೆ ಹೇಳಿಬಿಟ್ಟರು. ಉಳಿದವರಿಗೆ ಆಡುವ ಕೆಲಸವಷ್ಟೇ ಉಳಿಯಿತು.

ಮುಂದಿನ ಟೆಸ್ಟು ಪರ್ತ್‌ನಲ್ಲಿ. ಆಸ್ಟ್ರೇಲಿಯಾ ಸತತ 16 ಟೆಸ್ಟು ಗೆದ್ದು ಬಂದಿತ್ತು. ನಾಲ್ಕನೆಯ ದಿನ 19 ವರ್ಷದ ಇಶಾಂತ್ ಶರ್ಮ ರಿಕಿ ಪಾಂಟಿಂಗ್ ಅವರನ್ನು ಒಂದೇ ಸಮನೆ ಕಾಡುತ್ತಿದ್ದರು. ದಣಿದಿರಬಹುದೆಂದು ಕುಂಬ್ಳೆ ಬೌಲರನನ್ನು ಬದಲಿಸಲು ಹೊರಟರು. ದೆಹಲಿ ತಂಡದಲ್ಲಿ ಇಶಾಂತ್ ಎಷ್ಟು ದೀರ್ಘವಾಗಿ ಬೌಲ್ ಮಾಡುತ್ತಾರೆಂದು ಬಲ್ಲ ಸೆಹ್ವಾಗ್ ಇನ್ನೊಂದು ಓವರು ಕೊಡಿ ಎಂದರು. ನಾಯಕ ಆ ಹುಡುಗನನ್ನೇ ಕೇಳಿದರು, ಇನ್ನೊಂದು ಹಾಕುತ್ತೀಯಾ ಎಂದು. ಹಾಕುತ್ತೇನೆ ಎಂದ. ಆ ಓವರಿನಲ್ಲೇ ಪಾಂಟಿಂಗ್ ಸ್ಲಿಪ್ಪಿನಲ್ಲಿದ್ದ ರಾಹುಲ್ ದ್ರಾವಿಡ್ ಅವರಿಗೆ ಕ್ಯಾಚಿತ್ತರು. ಭಾರತ 72 ರನ್ನುಗಳಿಂದ ಗೆದ್ದಿತು. ಅಯೋವಾದ ಚರ್ಚಿಸುವ ನಾಯಕ ಮೈದಾನದಲ್ಲಿ ಹೇಗಿರುತ್ತಾನೆ ಎಂದು ಕೇಳಿದರೆ ನಾನು ಈ ಒಂದು ನಿಮಿಷವನ್ನು ತೋರಿಸುತ್ತೇನೆ. ನಿರ್ಧಾರ ನಾಯಕನದೇ. ಆದರೆ ಅದಕ್ಕೆ ಬೇಕಾದ ತಿಳಿವಳಿಕೆ ಬೇರೆಯವರ ಬಳಿ ಇದೆ ಎಂದು ಅವರಿಗೆ ಗೊತ್ತಿತ್ತು, ಹೇಳಬೇಕಾದವನು ಹೇಳಲು ಹಿಂಜರಿಯಲೂ ಇಲ್ಲ.

ರಾಹುಲ್ ದ್ರಾವಿಡ್ ಶಾಂತ ಮನೋಧರ್ಮದವರು ಎಂಬುದು ಎಲ್ಲರಿಗೂ ಗೊತ್ತು. ಶಾಂತ ಎಂದರೆ ಮೆತ್ತಗೆ ಎಂದು ಅನೇಕರು ಅರ್ಥ ಮಾಡಿಕೊಳ್ಳುತ್ತಾರೆ. 2004ರ ಮುಲ್ತಾನ್ ಟೆಸ್ಟಿನಲ್ಲಿ ಗಂಗೂಲಿ ಗಾಯಗೊಂಡಿದ್ದರಿಂದ ದ್ರಾವಿಡ್ ನಾಯಕತ್ವ ವಹಿಸಿದ್ದರು. ಸಚಿನ್ ತೆಂಡೂಲ್ಕರ್ 194 ರನ್ ಗಳಿಸಿ ಆಡುತ್ತಿದ್ದಾಗಲೇ ಇನ್ನಿಂಗ್ಸ್ ಡಿಕ್ಲೇರ್ ಮಾಡಿದರು. ದೇಶದಲ್ಲಿ ಗದ್ದಲವಾಯಿತು. ಭಾರತ ಇನ್ನಿಂಗ್ಸ್ ಮತ್ತು 52 ರನ್ನುಗಳಿಂದ ಗೆದ್ದಿತು. ಪಾಕಿಸ್ತಾನದ ನೆಲದಲ್ಲಿ ಅದು ಭಾರತದ ಮೊದಲ ಟೆಸ್ಟ್ ಗೆಲುವು. ಇದೇ ದ್ರಾವಿಡ್ 2007ರ ಆಗಸ್ಟಿನಲ್ಲಿ ಲಂಡನ್ನಿನ ಓವಲ್‌ನಲ್ಲಿ, ಸರಣಿಯಲ್ಲಿ 1–0 ಮುಂದಿದ್ದು, ಮೊದಲ ಇನ್ನಿಂಗ್ಸಿನಲ್ಲಿ 319 ರನ್ನುಗಳ ಮುನ್ನಡೆ ಇದ್ದರೂ ಇಂಗ್ಲೆಂಡಿಗೆ ಫಾಲೋಆನ್ ಕೊಡಲಿಲ್ಲ. ತಾವೇ 96 ಎಸೆತ ಆಡಿ 12 ರನ್ ಗಳಿಸಿದರು. ಪಂದ್ಯ ಡ್ರಾ ಆಯಿತು, ಸರಣಿ ಕೈಗೆ ಬಂತು. ಇಂಗ್ಲೆಂಡಿನಲ್ಲಿ ಭಾರತ ಟೆಸ್ಟ್ ಸರಣಿ ಗೆದ್ದದ್ದು 1986ರ ನಂತರ ಅದೇ ಮೊದಲು. ಎಚ್ಚರಿಕೆ ಅತಿಯಾಯಿತು ಎಂದವರೂ ಇದ್ದಾರೆ. ಆ ದಿನದ ಆಟ ನೋಡಲು ಬೇಸರ ತರಿಸಿತು ಎಂಬುದನ್ನು ಟಿವಿಯವನಾದ ನಾನು ಅಲ್ಲಗಳೆಯಲಾರೆ. ಆದರೆ ಮನೋಧರ್ಮ ಒಂದೇ ಆಗಿದ್ದರೂ ತೀರ್ಮಾನಗಳು ಎರಡಾದವು. ಸ್ವಭಾವ ನೋಡಿ ನಾಯಕನ ಮುಂದಿನ ನಡೆಯನ್ನು ಹೇಳಲಾಗದು. ಆ ನಡೆಯನ್ನು ಅವನು ಯಾವ ಮುಖದಿಂದ ಇಡುತ್ತಾನೆಂದು ಮಾತ್ರ ಹೇಳಬಹುದು.

ಮೂರನೆಯ ಉದಾಹರಣೆ ಜಿ. ಆರ್. ವಿಶ್ವನಾಥ್ ಅವರದು. ಭದ್ರಾವತಿಯವರು. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ನಾಯಕರಾಗಿದ್ದರು. ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಬಾಬ್ ಟೇಲರ್ ಅವರನ್ನು ಅಂಪೈರ್ ಔಟ್ ಎಂದು ತೀರ್ಪಿತ್ತರು. ಮೊದಲ ಸ್ಲಿಪ್ಪಿನಲ್ಲಿದ್ದ ವಿಶ್ವನಾಥ್‌ಗೆ ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಅನಿಸಿತು. ಅಂಪೈರರೊಂದಿಗೆ ಮಾತಾಡಿ ಟೇಲರ್ ಅವರನ್ನು ವಾಪಸು ಕರೆಸಿದರು. ಟೇಲರ್ ಮತ್ತು ಇಯಾನ್ ಬಾಥಮ್ ಆರನೆಯ ವಿಕೆಟ್ಟಿಗೆ 171 ರನ್ ಸೇರಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ಟೆಸ್ಟಿನಲ್ಲಿ ನಾಯಕರಾದದ್ದು ಎರಡೇ ಬಾರಿ, ಇದು ಎರಡನೆಯದು.

ಪಠ್ಯಪುಸ್ತಕದ ಪಾಠದಂತೆ ಇದನ್ನು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ನಾನು ನಿಮ್ಮನ್ನು ಒಂದು ತೊಡಕಿನ ಪ್ರಶ್ನೆ ಕೇಳುತ್ತೇನೆ. ಉಳಿದ ಹತ್ತು ಮಂದಿ ಬಿಸಿಲಿನಲ್ಲಿ ದುಡಿದು ಗಳಿಸಿದ ವಿಕೆಟ್ ಅದು. ನಾಯಕನೊಬ್ಬನೇ ತನ್ನ ಮನಸ್ಸಾಕ್ಷಿಯಂತೆ ಅದನ್ನು ಬಿಟ್ಟುಕೊಡಬಹುದೇ? ಬಿಡಬಹುದು, ಬಿಡಬೇಕಾಗಿತ್ತು ಎಂಬುದು ನನ್ನ ಅಭಿಪ್ರಾಯ. ಔಟಾಗದವನನ್ನು ಔಟೆಂದು ಒಪ್ಪಿ ಆಡುವ ನಾಯಕನನ್ನು ಅವನ ತಂಡದವರೇ ನಾಳೆ ನಂಬುವುದಿಲ್ಲ. ಆದರೆ ನಿಮ್ಮ ತಂಡದಲ್ಲಿ ಇದನ್ನು ಒಪ್ಪದವರು ಇರುತ್ತಾರೆ. ಅವರ ವಾದವೂ ಹಗುರವಾದದ್ದಲ್ಲ. ಒಮ್ಮೆ ಕೂತು ಮಾತಾಡಿ. ಯಾರು ಯಾವ ಪಕ್ಷ ವಹಿಸುತ್ತಾರೆ ಎಂಬುದರಿಂದ ನಿಮ್ಮ ತಂಡದ ಮನೋಧರ್ಮ ನಿಮಗೇ ಗೊತ್ತಾಗುತ್ತದೆ.

ಒಂದು ತಂಡಕ್ಕೆ ಒಪ್ಪಿದ ಶೈಲಿ ಇನ್ನೊಂದಕ್ಕೆ ಒಪ್ಪಬೇಕೆಂದೇನೂ ಇಲ್ಲ. ಇದೇ ಕುಂಬ್ಳೆ 2016ರಲ್ಲಿ ಭಾರತ ತಂಡದ ಮುಖ್ಯ ತರಬೇತುದಾರರಾದರು. 2017ರ ಜೂನ್‌ನಲ್ಲಿ ಹುದ್ದೆ ತ್ಯಜಿಸಿದಾಗ, ತಮ್ಮ ಶೈಲಿಯ ಬಗ್ಗೆ ನಾಯಕನಿಗೆ ಆಕ್ಷೇಪಗಳಿವೆಯೆಂದು ಮಂಡಳಿ ತಿಳಿಸಿದ್ದಾಗಿ ಅವರೇ ಹೇಳಿಕೆ ಕೊಟ್ಟರು. ಮನುಷ್ಯ ಅದೇ, ಶಿಸ್ತು ಅದೇ. ಎದುರಿಗಿದ್ದ ಪೀಳಿಗೆ ಬೇರೆ, ಹುದ್ದೆ ಬೇರೆ.

ಇನ್ನು ಯಲಬುರ್ಗಾದ ಹುಡುಗರ ಪ್ರಶ್ನೆ. ಹುಲಿಯಂತೆ ಆಡುವವನು ಮತ್ತು ಬಾಯಿ ಬಿಡದವನು. ಆಟದಲ್ಲಿ ಎಲ್ಲರಿಗಿಂತ ಮುಂದಿರುವವನೇ ನಾಯಕನಾಗಬೇಕೆಂಬ ರೂಢಿಯನ್ನು ಮೊದಲು ಬದಿಗಿಡಿ. ಅವನ ಬಿಸಿ ದಾಳಿಗೆ ಬೇಕು. ನಾಯಕನ ಪಟ್ಟ ಕೊಡದಿದ್ದರೂ ಅದು ತಂಡಕ್ಕೆ ಸಿಗುತ್ತದೆ. ಹಾಗೆಂದು ಮೌನಿಯನ್ನು ಕಣ್ಣು ಮುಚ್ಚಿ ಆರಿಸಬೇಡಿ. ಮೌನದಲ್ಲಿ ಎರಡು ಬಗೆ. ಒಬ್ಬನು ಎಲ್ಲವನ್ನೂ ನೋಡುತ್ತ ಸುಮ್ಮನಿರುತ್ತಾನೆ. ಇನ್ನೊಬ್ಬನು ಏನು ಹೇಳಬೇಕೆಂದು ತಿಳಿಯದೆ, ಇಲ್ಲವೇ ಯಾರಿಗೆ ಬೇಸರವಾದೀತೋ ಎಂದು ಸುಮ್ಮನಿರುತ್ತಾನೆ. ಟೈಮ್‌ಔಟಿನ ಅರ್ಧ ನಿಮಿಷದಲ್ಲಿ ಇಬ್ಬರೂ ಬೇರೆಯಾಗಿ ಕಾಣುತ್ತಾರೆ. ಮೊದಲನೆಯವನು 'ಅವರ ಏಳನೇ ನಂಬರಿನವ ಎಡಕ್ಕೇ ತಿರುಗತಾನ, ನೀ ಒಂದು ಹೆಜ್ಜೆ ಒಳಗ ನಿಲ್ಲು' ಎಂದು ಒಂದು ಮಾತು ಹೇಳುತ್ತಾನೆ. ಎರಡನೆಯವನು ನೀರಿನ ಬಾಟಲಿ ಹುಡುಕುತ್ತಾನೆ.

ವಿಜ್ಞಾನದ ವಿದ್ಯಾರ್ಥಿಯಾಗಿದ್ದವನು ನಾನು. ನನ್ನ ಮಾತನ್ನು ಹಾಗೇ ನಂಬುವುದಕ್ಕಿಂತ ನೀವೇ ಪರೀಕ್ಷಿಸಿ ನೋಡುವುದು ಮೇಲು. ಎರಡು ವಾರ ಅಭ್ಯಾಸ ಪಂದ್ಯ ಆಡಿ. ಒಂದು ದಿನ ಒಬ್ಬ ನಾಯಕ, ಮರುದಿನ ಇನ್ನೊಬ್ಬ. ಎದುರು ತಂಡ ಅದೇ ಇರಲಿ, ಹೊತ್ತೂ ಅದೇ ಇರಲಿ. ಹೊರಗೆ ಕೂತ ಮೀಸಲು ಆಟಗಾರನ ಕೈಗೆ ಒಂದು ನೋಟ್‌ಬುಕ್ ಕೊಡಿ. ಅಂಕಗಳನ್ನು ಬರೆಯುವ ಅಗತ್ಯವಿಲ್ಲ. ಹಿಡಿತ ತಪ್ಪಿಸಿಕೊಂಡ ಹುಡುಗ ಅದರ ಮುಂದಿನ ದಾಳಿಯಲ್ಲಿ ಮತ್ತೆ ಹಿಡಿಯಲು ಮುನ್ನುಗ್ಗಿದನೇ ಇಲ್ಲವೇ ಎಂಬುದನ್ನಷ್ಟೇ ಗುರುತು ಹಾಕಲಿ. ಹೌದಾದರೆ ಒಂದು ಗೆರೆ, ಇಲ್ಲವಾದರೆ ಒಂದು ಸೊನ್ನೆ. ಇದರ ಜೊತೆಗೆ ಒಂದೊಂದು ದಿನ ಹತ್ತು ನಿಮಿಷ ಆ ದಿನದ ನಾಯಕನನ್ನು ಅಂಗಳದಿಂದ ಹೊರಗೆ ಕೂರಿಸಿ, ಆಗಲೂ ಇದೇ ಗುರುತು ಹಾಕಿಸಿ. ಏನು ಬರೆಯುತ್ತಿದ್ದೀರಿ ಎಂಬುದು ಆ ಇಬ್ಬರಿಗೂ ಎರಡು ವಾರ ಮುಗಿಯುವವರೆಗೆ ಗೊತ್ತಾಗಬಾರದು. ನೋಟ್‌ಬುಕ್ಕಿನ ಆ ಪುಟಗಳ ಪ್ರತಿಯನ್ನು ನಮಗೆ ಕಳುಹಿಸಿದರೆ ಮುಂದಿನ ಕಾರ್ಯಕ್ರಮವೊಂದರಲ್ಲಿ ಅದನ್ನು ಚರ್ಚೆಗೆ ಇಡುತ್ತೇವೆ, ಹುಡುಗರ ಹೆಸರು ಹೇಳದೆ.